ಕಡಿತ ಅಂತ ಯಾರೂ ಬರೆಯುವುದಿಲ್ಲ, ‘ಮಿತವ್ಯಯ’ ಅಂತ ಬರೆಯುತ್ತಾರೆ

34 ವರ್ಷ ಸರ್ಕಾರಿ ಕಚೇರಿಯ ಲೆಕ್ಕ ವಿಭಾಗದಲ್ಲಿ ಕೂತು ಎದ್ದವನು ನಾನು. ಮೊದಲು ಚಿತ್ರದುರ್ಗದಲ್ಲಿ, 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆದ ಮೇಲೆ ಇಲ್ಲಿ. ಅಷ್ಟು ವರ್ಷದಲ್ಲಿ ನನ್ನ ಟೇಬಲ್ಲಿಗೆ ‘ಇಷ್ಟು ಜನರನ್ನು ತೆಗೆಯಿರಿ’ ಅನ್ನುವ ಆದೇಶ ಒಂದೂ ಬರಲಿಲ್ಲ. ‘ಈ ಸೇವೆ ನಿಲ್ಲಿಸಿ’ ಅಂತಲೂ ಬರಲಿಲ್ಲ. ಬರುತ್ತಿದ್ದದ್ದು ‘ಮಿತವ್ಯಯ ಕ್ರಮಗಳು’ ಅನ್ನೋ ತಲೆಬರಹದ ಸುತ್ತೋಲೆ. ಹೊಸ ವಾಹನ ಬೇಡ, ಹೊಸ ಕುರ್ಚಿ ಮೇಜು ಬೇಡ, ಖಾಲಿ ಹುದ್ದೆ ತುಂಬುವ ಮೊದಲು ಆರ್ಥಿಕ ಇಲಾಖೆಯ ಒಪ್ಪಿಗೆ ಪಡೆಯಿರಿ. ಅಷ್ಟೇ. ಓದಿದರೆ ಮನೆ ಯಜಮಾನ ಊಟದ ಹೊತ್ತಲ್ಲಿ ಹೇಳುವ ಬುದ್ಧಿಮಾತಿನ ಹಾಗೆ ಇರುತ್ತದೆ.

ಮೊನ್ನೆ ನನ್ನ ತಮ್ಮನ ಮಗ ಕೇಳಿದ. ಹುಡುಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ, ಮೂರು ವರ್ಷ ಆಯ್ತು. ‘ದೊಡ್ಡಪ್ಪಾ, ಬೇರೆ ದೇಶದಲ್ಲಿ ಬಜೆಟ್ ಕಡಿತ ಅಂದ್ರೆ ಜನರನ್ನ ಮನೆಗೆ ಕಳಿಸ್ತಾರೆ, ಲೈಬ್ರರಿ ಮುಚ್ತಾರೆ. ನಮ್ಮಲ್ಲಿ ಸರ್ಕಾರಿ ನೌಕರನ್ನ ಯಾರೂ ತೆಗೆಯೋದಿಲ್ಲ. ಹಾಗಾದ್ರೆ ಕಡಿತ ಎಲ್ಲಿದೆ?’ ಅಂತ. ಒಳ್ಳೇ ಪ್ರಶ್ನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ದೊಡ್ಡ ಲೆಕ್ಕ. ಬೇಗ ಮುಗಿಸುತ್ತೇನೆ, ಹೆದರಬೇಡಿ.

2024-25ರಲ್ಲಿ ಕರ್ನಾಟಕದ ಬಜೆಟ್ 3,71,383 ಕೋಟಿ ಇತ್ತು. 2025-26ರಲ್ಲಿ ಅದು 4,09,549 ಕೋಟಿ. ಒಂದೇ ವರ್ಷಕ್ಕೆ 38 ಸಾವಿರ ಕೋಟಿ ಏರಿದೆ. ಬಜೆಟ್ ಬೆಳೆಯುತ್ತಲೇ ಇದ್ದರೆ ಕಡಿತ ಎಲ್ಲಿಂದ ಬಂತು ಅಂತ ನೀವೂ ಕೇಳಬಹುದು. ವಿಷಯ ಏನೆಂದರೆ, ಈ ಹಣದ ದೊಡ್ಡ ಭಾಗಕ್ಕೆ ಬರುವ ಮೊದಲೇ ದಾರಿ ಗೊತ್ತಾಗಿರುತ್ತದೆ. ಸಂಬಳ, ಪಿಂಚಣಿ, ಸಾಲದ ಬಡ್ಡಿ. ಈ ಮೂರನ್ನು ಯಾವ ಮುಖ್ಯಮಂತ್ರಿಯೂ ಮುಟ್ಟುವ ಹಾಗಿಲ್ಲ. 2024ರ ಆಗಸ್ಟ್‌ನಿಂದ 7ನೇ ವೇತನ ಆಯೋಗದ ಸಂಬಳ ಜಾರಿಯಾಯಿತು, ಅದೊಂದಕ್ಕೇ ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಅಂತ ಸರ್ಕಾರವೇ ಲೆಕ್ಕ ಹೇಳಿತು. (ಅದರಿಂದ ನನ್ನ ಪಿಂಚಣಿಯೂ ಏರಿತು, ಸುಳ್ಳು ಹೇಳಲಾರೆ.) ಗ್ಯಾರಂಟಿ ಯೋಜನೆಗಳಿಗೆ ಸುಮಾರು 51 ಸಾವಿರ ಕೋಟಿ. ಹಾಗಂತ ಬೇಕಾದಷ್ಟು ಸಾಲ ತರೋಣ ಅಂದರೆ ಅದಕ್ಕೂ ಗೆರೆ ಇದೆ. 2002ರಲ್ಲಿ ನಮ್ಮ ರಾಜ್ಯವೇ ದೇಶದಲ್ಲಿ ಮೊದಲು ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡಿತು, ಅದರ ಪ್ರಕಾರ ವಿತ್ತೀಯ ಕೊರತೆ, ಅಂದರೆ ಸಾಲ ತಂದು ತುಂಬಬೇಕಾದ ಭಾಗ, ರಾಜ್ಯದ ಒಟ್ಟು ಉತ್ಪನ್ನದ 3% ದಾಟಬಾರದು. 2025-26ರ ಅಂದಾಜು 2.95%. ಗೆರೆಗೆ ಕೂದಲೆಳೆ ದೂರ.

ಇನ್ನು ದೆಹಲಿ ಕಡೆಯಿಂದ. 14ನೇ ಹಣಕಾಸು ಆಯೋಗ ಇದ್ದಾಗ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ನಮ್ಮ ಪಾಲು 4.713% ಇತ್ತು. 15ನೇ ಆಯೋಗ ಅದನ್ನು 3.647%ಗೆ ಇಳಿಸಿತು. ಯಾರು ಸರಿ ಯಾರು ತಪ್ಪು ಅನ್ನೋ ಜಗಳ ಟಿವಿಯವರಿಗೆ ಬಿಡೋಣ. ನಮಗೆ ಬೇಕಾದ್ದು ಇಷ್ಟು: ಮೇಲೆ ಗೆರೆ, ಕೆಳಗೆ ಮುಟ್ಟಲಾರದ ಖರ್ಚು, ಮಧ್ಯೆ ಉಳಿಯುವ ಜಾಗ ಸಣ್ಣದು. ಕೈ ಆಡಿಸುವುದಿದ್ದರೆ ಆ ಸಣ್ಣ ಜಾಗದಲ್ಲೇ ಆಡಿಸಬೇಕು.

ಆ ಜಾಗದಲ್ಲಿ ಏನೇನಿದೆ ಗೊತ್ತಾ? ಖಾಲಿ ಹುದ್ದೆಗಳಿವೆ. ರಿಪೇರಿ ಹಣ ಇದೆ. ಪ್ರಯಾಣ ಭತ್ಯೆ, ಸ್ಟೇಷನರಿ, ಕರೆಂಟ್ ಬಿಲ್ಲು, ಜೀಪಿನ ಡೀಸೆಲ್ಲು ಇವೆ. ಕಚೇರಿಯ ಭಾಷೆಯಲ್ಲಿ ‘ಸಾದಿಲ್ವಾರು’ ಅಂತೀವಿ. ಲೆಕ್ಕ ವಿಭಾಗದವರಿಗೆ ಇವು 041, 051 ಅನ್ನೋ ಅಂಕಿಗಳು. ಮತ್ತೆ, ಕಾಯಂ ಅಲ್ಲದವರ ದುಡ್ಡಿದೆ. ಗೌರವಧನ, ಹೊರಗುತ್ತಿಗೆ, ದಿನಗೂಲಿ. ಕತ್ತರಿ ಆಡುವುದು ಇಲ್ಲೇ. ಖಾಲಿ ಹುದ್ದೆ, ಸಾದಿಲ್ವಾರು, ಕಾಯಂ ಅಲ್ಲದವರ ದುಡ್ಡು, ಈ ಮೂರನ್ನೂ ಒಟ್ಟಿಗೆ ನೋಡಿ: ಜನರ ಎದುರು ನಿಂತು ಕೆಲಸ ಮಾಡುವ ಕೈಗೆ ಬೇಕಾದ್ದೆಲ್ಲ ಈ ಮೂರರಲ್ಲೇ ಇದೆ, ವಿಧಾನಸೌಧಕ್ಕೆ ಬೇಕಾದ್ದು ಇದರಲ್ಲಿ ಕಡಿಮೆ.

ಖಾಲಿ ಹುದ್ದೆಯಿಂದ ಶುರು ಮಾಡೋಣ, ಅದೇ ದೊಡ್ಡ ಕಥೆ.

ರಾಜ್ಯದಲ್ಲಿ ಮಂಜೂರಾದ ಹುದ್ದೆಗಳು ಏಳೂವರೆ ಲಕ್ಷಕ್ಕಿಂತ ಜಾಸ್ತಿ. ಅದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ. ಅಂದರೆ ಮೂರು ಕುರ್ಚಿಗೆ ಒಂದು ಕುರ್ಚಿ ಖಾಲಿ. ಇದರಿಂದ ಸರ್ಕಾರಕ್ಕೆ ಎಷ್ಟು ಉಳಿಯುತ್ತದೆ ಅಂತ ಸುಮ್ನೆ ಒಂದು ಲೆಕ್ಕ ಹಾಕಿ. ಹೊಸ ವೇತನ ಶ್ರೇಣಿಯಲ್ಲಿ ಕೆಳಗಿನ ನೌಕರನ ಆರಂಭದ ಮೂಲ ವೇತನವೇ ತಿಂಗಳಿಗೆ 27,000. ಒಂದು ಕಚೇರಿಯಲ್ಲಿ ಅಂಥ 10 ಹುದ್ದೆ ಖಾಲಿ ಇದ್ದರೆ ವರ್ಷಕ್ಕೆ 32 ಲಕ್ಷ 40 ಸಾವಿರ ಮೂಲ ವೇತನವೇ ಉಳಿಯಿತು. ತುಟ್ಟಿಭತ್ಯೆ, ಮನೆ ಬಾಡಿಗೆ, ಹೊಸ ಪಿಂಚಣಿಗೆ ಕಟ್ಟುವ ಪಾಲು ಬೇರೆ. ಯಾರನ್ನೂ ತೆಗೆಯಲಿಲ್ಲ, ಧರಣಿ ಇಲ್ಲ, ಪೇಪರಿನಲ್ಲಿ ಸುದ್ದಿ ಇಲ್ಲ. ಒಬ್ಬರು ನಿವೃತ್ತಿ ಆದರು, ಹಾರ ಹಾಕಿ ಕಳಿಸಿದೆವು, ಆ ಕುರ್ಚಿಯ ಮೇಲೆ ಹಳೇ ಫೈಲು ಪೇರಿಸಿದೆವು. ಮುಗೀತು. ಕಡಿತ ಅಂದರೆ ಇದು.

ನ್ಯಾಯಕ್ಕೆ ಒಂದು ಮಾತು ಸೇರಿಸಬೇಕು. ಎಲ್ಲಾ ಖಾಲಿಯೂ ದುಡ್ಡಿಲ್ಲದ ಖಾಲಿ ಅಲ್ಲ. 2024ರ ಅಕ್ಟೋಬರ್ ಕೊನೆಯಿಂದ ಪರಿಶಿಷ್ಟ ಜಾತಿಯ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ಸರ್ಕಾರ ತಡೆ ಹಾಕಿತ್ತು. ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ವರದಿ ಬಂದು ಸಂಪುಟ ತೀರ್ಮಾನ ಆಗುವ ಹೊತ್ತಿಗೆ 2025ರ ಆಗಸ್ಟ್ ಆಗಿತ್ತು. ಕಾರಣ ಸರಿಯಾದದ್ದೇ. ಆದರೆ ನನ್ನ ತಮ್ಮನ ಮಗನ ಲೆಕ್ಕದಲ್ಲಿ ಅದು ಹತ್ತು ತಿಂಗಳು ವಯಸ್ಸು ಹೋದ ಲೆಕ್ಕ. ಆರ್ಥಿಕ ಇಲಾಖೆಯ ಲೆಕ್ಕದಲ್ಲಿ ಅದೇ ಹತ್ತು ತಿಂಗಳ ಸಂಬಳ ಉಳಿದ ಲೆಕ್ಕ.

ಈಗ ಆ ಖಾಲಿ ಕುರ್ಚಿಯ ಕೆಲಸ ಯಾರು ಮಾಡುತ್ತಾರೆ? ಪಕ್ಕದ ಕುರ್ಚಿಯವರು. ಇದಕ್ಕೆ ‘ಹೆಚ್ಚುವರಿ ಪ್ರಭಾರ’ ಅನ್ನೋ ಹೆಸರಿದೆ. ನಾನು ಕೊನೆಯ ನಾಲ್ಕು ವರ್ಷ ನನ್ನ ಕೆಲಸದ ಜೊತೆ ಇನ್ನೆರಡು ವಿಭಾಗ ನೋಡಿದೆ. ನಿಯಮದಲ್ಲಿ ಪ್ರಭಾರ ಭತ್ಯೆ ಅಂತ ಇದೆ, ಆದರೆ ಅದನ್ನು ಮಂಜೂರು ಮಾಡಿಸಿಕೊಳ್ಳುವ ಫೈಲನ್ನು ಓಡಿಸಲು ಇನ್ನೊಬ್ಬ ಗುಮಾಸ್ತ ಬೇಕು. ಆ ಗುಮಾಸ್ತನ ಹುದ್ದೆಯೂ ಖಾಲಿ!

ನಗು ಬರುತ್ತದೆ ಅಲ್ವಾ? ಕೌಂಟರ್ ಆಚೆ ನಿಂತವರಿಗೆ ಬರುವುದಿಲ್ಲ. ಒಬ್ಬ ಅಧಿಕಾರಿ ಎರಡು ತಾಲ್ಲೂಕು ನೋಡುತ್ತಿದ್ದರೆ ಸೋಮವಾರ ಮಂಗಳವಾರ ಒಂದು ಕಡೆ, ಬುಧವಾರ ಗುರುವಾರ ಇನ್ನೊಂದು ಕಡೆ, ಶುಕ್ರವಾರ ಜಿಲ್ಲಾ ಮಟ್ಟದ ಸಭೆ. ಚನ್ನಗಿರಿಯ ಮೂಲೆಯಿಂದ ಅಡಿಕೆ ತೋಟದ ಕೆಲಸ ಬಿಟ್ಟು ಬಂದವನಿಗೆ ‘ಸಾಹೇಬರು ಇವತ್ತು ಬರಲ್ಲ, ನಾಳಿದ್ದು ಬಾ’ ಅಂತ ಸಿಗುತ್ತದೆ. ಅವನು ಬೈಯುವುದು ಯಾರಿಗೆ? ಬಾಗಿಲಲ್ಲಿ ಕೂತ ಡಿ ಗ್ರೂಪ್ ನೌಕರನಿಗೆ. ‘ಸಂಬಳ ತಗೊಂಡು ಕೆಲಸ ಮಾಡಲ್ಲ ಇವ್ರು’ ಅಂತ. ಸರ್ಕಾರಿ ನೌಕರರಲ್ಲಿ ಸೋಮಾರಿಗಳಿಲ್ಲ, ಲಂಚ ತಿನ್ನುವವರಿಲ್ಲ ಅಂತ ನಾನು ಖಂಡಿತ ಹೇಳುವುದಿಲ್ಲ, 34 ವರ್ಷ ಅವರ ಜೊತೆಯೇ ಚಹಾ ಕುಡಿದಿದ್ದೇನೆ. ಆದರೆ ಸೋಮಾರಿ ಯಾರು, ಮೂರು ಜನರ ಕೆಲಸ ಹೊತ್ತವನು ಯಾರು ಅಂತ ಕೌಂಟರ್ ಆಚೆಯಿಂದ ಗೊತ್ತಾಗುವುದಿಲ್ಲ. ಇಬ್ಬರೂ ‘ನಾಳೆ ಬಾ’ ಅಂತಲೇ ಹೇಳುತ್ತಾರೆ.

2012ರಲ್ಲಿ ‘ಸಕಾಲ’ ಬಂತು. ಇಂಥ ಸೇವೆ ಇಷ್ಟು ದಿನದಲ್ಲಿ ಕೊಡಲೇಬೇಕು ಅನ್ನುವ ಕಾಯ್ದೆ. ಒಳ್ಳೆಯದೇ. ಆದರೆ ದಿನ ಗೊತ್ತುಮಾಡಿದರು, ಕೈ ಹೆಚ್ಚಿಸಲಿಲ್ಲ. ಆಗ ಕಚೇರಿಗಳು ಒಂದು ಉಪಾಯ ಕಲಿತವು, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಡುವು ಮುಗಿಯುವ ಹಿಂದಿನ ದಿನ ಅರ್ಜಿಗೆ ‘ದಾಖಲೆ ಸ್ಪಷ್ಟವಿಲ್ಲ’ ಅಂತ ಷರಾ ಬರೆದು ತಿರಸ್ಕರಿಸುವುದು. ಕಂಪ್ಯೂಟರ್ ಲೆಕ್ಕದಲ್ಲಿ ಅದು ವಿಲೇವಾರಿ. ಜನರ ಲೆಕ್ಕದಲ್ಲಿ ಇನ್ನೊಂದು ಬಸ್ ಚಾರ್ಜು.

ಇಷ್ಟಾದರೂ ಕಾಯಂ ನೌಕರನಿಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ಎರಡನೇ ಸಾಲಿನವರದ್ದು ಬೇರೆ ಕಥೆ. ಅತಿಥಿ ಶಿಕ್ಷಕರು, ಆಶಾ, ಅಂಗನವಾಡಿಯವರು, ಬಿಸಿಯೂಟದ ಅಡುಗೆಯವರು. ಇವರಿಗೆ ಕೊಡುವುದಕ್ಕೆ ‘ಗೌರವಧನ’ ಅಂತ ಹೆಸರು. ಆ ಪದವನ್ನು ಯಾರು ಕಂಡುಹಿಡಿದರೋ, ಬುದ್ಧಿವಂತರು. ಸಂಬಳ ಅಂದರೆ ಕನಿಷ್ಠ ವೇತನ, ಪಿಎಫ್, ರಜೆ, ತುಟ್ಟಿಭತ್ಯೆ ಎಲ್ಲಾ ಹಿಂದೆ ಬರುತ್ತದೆ. ಗೌರವಕ್ಕೆ ತುಟ್ಟಿಭತ್ಯೆ ಇಲ್ಲ.

ನನ್ನ ನಾದಿನಿ ಜಗಳೂರು ತಾಲ್ಲೂಕಿನಲ್ಲಿ ಅಂಗನವಾಡಿ ಕಾರ್ಯಕರ್ತೆ. 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆ ಇದು, 50 ವರ್ಷ ದಾಟಿತು. ಇದರ ದುಡ್ಡಿನ ದಾರಿ ನೋಡಿದರೆ ಮೇಲಿನ ಒಂದು ತೀರ್ಮಾನ ಕೆಳಗೆ ಹೇಗೆ ಇಳಿಯುತ್ತದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. 2015ರಲ್ಲಿ 14ನೇ ಹಣಕಾಸು ಆಯೋಗದ ಮಾತಿನಂತೆ ರಾಜ್ಯಗಳ ತೆರಿಗೆ ಪಾಲನ್ನು 32%ನಿಂದ 42%ಗೆ ಏರಿಸಿದರು. ‘ನಿಮ್ಮ ಕೈಗೇ ಜಾಸ್ತಿ ಕೊಟ್ಟಿದ್ದೇವೆ, ಇನ್ನು ಯೋಜನೆಗಳಿಗೆ ನೀವೇ ಜಾಸ್ತಿ ಹಾಕಿಕೊಳ್ಳಿ’ ಅಂತ ಕೇಂದ್ರ ಹೇಳಿತು. ಅಂಗನವಾಡಿಯ ಸಾಮಾನ್ಯ ಖರ್ಚಿಗೆ ಮೊದಲು ಕೇಂದ್ರದ್ದು 90, ರಾಜ್ಯದ್ದು 10 ಇದ್ದದ್ದು 60:40 ಆಯಿತು. ಕಾರ್ಯಕರ್ತೆಯ ಗೌರವಧನಕ್ಕೆ ಕೇಂದ್ರ ಗೊತ್ತುಮಾಡಿದ ಮೊತ್ತ 4,500 ರೂಪಾಯಿ. ಅದು ಗೊತ್ತಾದದ್ದು 2018ರ ಅಕ್ಟೋಬರ್‌ನಲ್ಲಿ. ಅದಾದ ಮೇಲೆ ಏಳು ವರ್ಷ ಕಳೆದರೂ ಅದು 4,500 ಆಗಿಯೇ ಇತ್ತು. ಈ ಏಳು ವರ್ಷದಲ್ಲಿ ಗ್ಯಾಸ್ ಎಷ್ಟಾಯಿತು, ಬೇಳೆ ಎಷ್ಟಾಯಿತು ಅಂತ ನಿಮಗೆ ಗೊತ್ತು. ಯಾರೂ ಕಡಿತ ಮಾಡಲಿಲ್ಲ. ಸುಮ್ನೆ ಮುಟ್ಟದೆ ಬಿಟ್ಟರು. ಬೆಲೆ ಏರಿಕೆಯೇ ಕಡಿತದ ಕೆಲಸ ಮಾಡಿತು.

ಮೇಲಿನ ಉಳಿದದ್ದನ್ನು ರಾಜ್ಯ ತುಂಬುತ್ತದೆ, 2025-26ರ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000 ರೂಪಾಯಿ, ಸಹಾಯಕಿಯರಿಗೆ 750 ಏರಿಸಿದರು. ಬಿಸಿಯೂಟದವರ ಕಥೆ ಇನ್ನೂ ಹಳೆಯದು. ಅಡುಗೆಯವರಿಗೆ ಕೇಂದ್ರ ಗೊತ್ತುಮಾಡಿದ ತಿಂಗಳ ಗೌರವಧನ 1,000 ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 600. ಆ 1,000 ಅನ್ನೋದು 2009ರ ಲೆಕ್ಕ. ಮಿಕ್ಕದ್ದನ್ನೆಲ್ಲ ರಾಜ್ಯವೇ ಹಾಕಿಕೊಂಡು ಬಂದಿದೆ.

ದುಡ್ಡು ನಿಂತಲ್ಲೇ ನಿಂತಿತು, ಕೆಲಸ ನಿಲ್ಲಲಿಲ್ಲ. ನಾದಿನಿಯ ದಿನ ನೋಡಿ. ಬೆಳಿಗ್ಗೆ ಮಕ್ಕಳನ್ನು ಕರೆತರುವುದು, ತೂಕ ಹಾಕುವುದು, ಗರ್ಭಿಣಿಯರ ಊಟ, ಇದನ್ನೆಲ್ಲ ‘ಪೋಷಣ್ ಟ್ರ್ಯಾಕರ್’ ಅನ್ನೋ ಆ್ಯಪ್‌ನಲ್ಲಿ ತುಂಬುವುದು. 2025ರ ಜುಲೈನಿಂದ ಮನೆಗೆ ಕೊಡುವ ಪಡಿತರಕ್ಕೆ ಫಲಾನುಭವಿಯ ಮುಖವನ್ನು ಫೋನಿನಲ್ಲಿ ಹಿಡಿದು ಗುರುತು ಹಚ್ಚಬೇಕು. ಜಗಳೂರಿನ ಬಿಸಿಲಲ್ಲಿ ಮಗು ಎತ್ತಿಕೊಂಡ ಬಾಣಂತಿಯನ್ನು ನಿಲ್ಲಿಸಿ, ನೆಟ್‌ವರ್ಕ್ ಹುಡುಕುತ್ತಾ ‘ಕಣ್ಣು ಮಿಟುಕಿಸಮ್ಮಾ’ ಅನ್ನಬೇಕು. ಮಧ್ಯೆ ಮತದಾರರ ಪಟ್ಟಿ. ಮಧ್ಯೆ ಇನ್ಯಾವುದೋ ಸಮೀಕ್ಷೆ. ‘ಭಾವಾ, ಮಕ್ಕಳ ಜೊತೆ ಕೂತು ಒಂದು ಹಾಡು ಹೇಳಿಕೊಟ್ಟು ಎಷ್ಟು ದಿನ ಆಯ್ತೋ’ ಅಂದಳು ಒಮ್ಮೆ. ಸಿಬ್ಬಂದಿ ಕಡಿಮೆ ಆದಾಗ ಮೊದಲು ಹೋಗುವುದು ಇದು, ಯಾವ ವರದಿಯಲ್ಲೂ ಕಾಲಂ ಇಲ್ಲದ ಕೆಲಸ. ಹಾಡಿಗೆ ಆ್ಯಪ್‌ನಲ್ಲಿ ಜಾಗ ಇಲ್ಲ.

ಆ್ಯಪ್ ಅಂದ ಮೇಲೆ ಗ್ರಾಮ ಆಡಳಿತ ಅಧಿಕಾರಿಗಳನ್ನು ಬಿಡುವ ಹಾಗಿಲ್ಲ. ಹಿಂದಿನ ಶಾನುಭೋಗರ ಜಾಗದ, ಮೊನ್ನೆ ಮೊನ್ನೆವರೆಗೆ ಗ್ರಾಮ ಲೆಕ್ಕಿಗರಾಗಿದ್ದ ಅದೇ ಹುದ್ದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಇವರು ರಾಜ್ಯದಾದ್ಯಂತ ಮುಷ್ಕರಕ್ಕೆ ಕೂತರು. ಇಪ್ಪತ್ತಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಿಸುತ್ತೀರಿ, ಕೂರಲು ಕಚೇರಿ ಇಲ್ಲ, ಲ್ಯಾಪ್‌ಟಾಪ್ ಇಲ್ಲ, ಪ್ರಿಂಟರ್ ಇಲ್ಲ ಅಂತ. ಜನರಿಗೆ ಇದು ತಮಾಷೆ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ‘ಜನ ಕಡಿಮೆ ಇದ್ದರೇನು, ತಂತ್ರಜ್ಞಾನ ಇದೆ’ ಅಂತ ಮೇಲಿನವರು ಹೇಳುವಾಗ ಆ ತಂತ್ರಜ್ಞಾನದ ಫೋನು, ಡೇಟಾ, ಪ್ರಿಂಟ್ ಪೇಪರು ಯಾರ ಜೇಬಿನಿಂದ ಬರುತ್ತದೆ ಅನ್ನುವುದೇ ಅವರ ಪ್ರಶ್ನೆಯಾಗಿತ್ತು.

ಜೇಬಿನ ಮಾತು ಬಂತಲ್ಲ, ಮೊಟ್ಟೆಗೆ ಬರೋಣ. ನನಗೆ ಈ ಇಡೀ ವಿಷಯದಲ್ಲಿ ಇಷ್ಟವಾದ ಉದಾಹರಣೆ ಇದು.

ಸರ್ಕಾರಿ ಶಾಲೆ ಮಕ್ಕಳಿಗೆ ಮೊಟ್ಟೆ ಕೊಡುವುದು ಒಳ್ಳೇ ಯೋಜನೆ. ವಾರಕ್ಕೆ ಎರಡು ದಿನ ಸರ್ಕಾರದ್ದು, 2024ರಿಂದ ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನದ್ದು. ಅವರು ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಕೊಡಲು ಒಪ್ಪಿದರು. ಬಹಳ ಕಾಲ ಒಂದು ಮೊಟ್ಟೆಗೆ ಗೊತ್ತಾಗಿದ್ದ ದರ 6 ರೂಪಾಯಿ. ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲಾ ಅದರಲ್ಲೇ. ಮೊಟ್ಟೆಗೆ ಸುತ್ತೋಲೆ ಓದಲು ಬರುವುದಿಲ್ಲವಲ್ಲ, ಚಳಿಗಾಲ ಬಂದರೆ ಅಂಗಡಿಯಲ್ಲಿ ಅದು 7 ದಾಟುತ್ತದೆ. ಈಗ 120 ಮಕ್ಕಳ ಒಂದು ಶಾಲೆ ಅಂದುಕೊಳ್ಳಿ. ಮೊಟ್ಟೆಗೆ ಒಂದೇ ರೂಪಾಯಿ ಕಡಿಮೆ ಬಿತ್ತು ಅಂದರೂ ದಿನಕ್ಕೆ 120, ಆರು ದಿನಕ್ಕೆ 720, ನಾಲ್ಕು ವಾರಕ್ಕೆ 2,880 ರೂಪಾಯಿ. ಇದನ್ನು ಯಾರು ಕೊಡಬೇಕು? ಸುತ್ತೋಲೆಯಲ್ಲಿ ಉತ್ತರ ಇಲ್ಲ. ಮುಖ್ಯ ಶಿಕ್ಷಕರು ಕೊಡುತ್ತಾರೆ. ಅಥವಾ ಸಣ್ಣ ಮೊಟ್ಟೆ ತರುತ್ತಾರೆ. ಅಥವಾ ‘ಮೊಟ್ಟೆ ತಿನ್ನದವರು ಎಷ್ಟು ಜನ’ ಅನ್ನೋ ಕಾಲಂ ಸ್ವಲ್ಪ ದಪ್ಪ ಆಗಿ ಬಾಳೆಹಣ್ಣಿನ ಲೆಕ್ಕ ಏರುತ್ತದೆ. ನಾನು ಲೆಕ್ಕದವನು, ಅಂಕಿ ಎಲ್ಲಿ ಉಬ್ಬುತ್ತದೆ ಅಂತ ನನಗೆ ಗೊತ್ತಾಗುತ್ತದೆ. ನನ್ನ ಗೆಳೆಯ ಒಬ್ಬ ಮುಖ್ಯ ಶಿಕ್ಷಕನಾಗಿದ್ದ. ಹೆಂಡತಿಗೆ ತಿಳಿಯದ ಹಾಗೆ ತಿಂಗಳಿಗೆ ಎರಡು ಸಾವಿರ ಮೊಟ್ಟೆಗೆ ಹಾಕುತ್ತಿದ್ದ, ನಿವೃತ್ತಿ ದಿನ ಭಾಷಣದಲ್ಲಿ ಬಾಯಿ ಜಾರಿ ಹೇಳಿಬಿಟ್ಟ. ಆವತ್ತು ರಾತ್ರಿ ಅವನ ಮನೆಯಲ್ಲಿ ಏನಾಯಿತೋ ಕೇಳಲಿಲ್ಲ.

ಯೋಜನೆ ನಿಂತಿಲ್ಲ, ಮಕ್ಕಳ ಕೈಗೆ ಮೊಟ್ಟೆ ಹೋಗುತ್ತಿದೆ, ಬಜೆಟ್ ಪುಸ್ತಕದಲ್ಲಿ ಎಲ್ಲಾ ಸರಿ ಇದೆ. ನಡುವಿನ ಒಂದು ರೂಪಾಯಿ ಮಾತ್ರ ಸರ್ಕಾರದ ಪುಸ್ತಕದಿಂದ ಒಬ್ಬ ಮೇಷ್ಟ್ರ ಜೇಬಿಗೆ ವರ್ಗಾವಣೆ ಆಗಿದೆ.

ಶಿಕ್ಷಕರ ಮಾತೇ ಬಂದಾಗ ಅತಿಥಿ ಶಿಕ್ಷಕರದ್ದೂ ಹೇಳಿಬಿಡುತ್ತೇನೆ. ಕಾಯಂ ಹುದ್ದೆ ಖಾಲಿ ಇದ್ದ ಕಡೆ ಜೂನ್‌ನಲ್ಲಿ ಇವರನ್ನು ತೆಗೆದುಕೊಳ್ಳುತ್ತಾರೆ, ವರ್ಷದ ಕೊನೆಗೆ ಬಿಡುಗಡೆ ಮಾಡುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000 ಇತ್ತು, 2025-26ರಲ್ಲಿ 2,000 ಏರಿಸಿದರು. ಬೇಸಿಗೆಯಲ್ಲಿ ಸೊನ್ನೆ. ಹೀಗೆ ಹತ್ತು ವರ್ಷ ಪಾಠ ಮಾಡಿದವರು ನಮ್ಮಲ್ಲಿ ಇದ್ದಾರೆ, ಏಪ್ರಿಲ್ ಮೇನಲ್ಲಿ ಮಂಡಕ್ಕಿ ಭಟ್ಟಿಗೋ ಬಟ್ಟೆ ಅಂಗಡಿಗೋ ಹೋಗುತ್ತಾರೆ. ಇನ್ನು ಕಾಯಂ ಶಿಕ್ಷಕರಾದರೂ ಪೂರ್ತಿ ಶಾಲೆಯಲ್ಲಿ ಇರುತ್ತಾರಾ? 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮನೆ ಮನೆಗೆ ಹೋದವರು ಶಿಕ್ಷಕರೇ. ಮುಗಿಯಲಿಲ್ಲ ಅಂತ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವಿಸ್ತರಿಸಿದರು. ಖಾಸಗಿ ಶಾಲೆಯ ಮಕ್ಕಳು ಪಾಠ ಕೇಳುತ್ತಿದ್ದರು, ಸರ್ಕಾರಿ ಶಾಲೆಯ ಮಕ್ಕಳು ಕೆರೆ ಏರಿ ಮೇಲೆ ಆಡುತ್ತಿದ್ದರು. ಸಮೀಕ್ಷೆ ಬೇಡ ಅನ್ನುತ್ತಿಲ್ಲ. ಸಮೀಕ್ಷೆ ಮಾಡಲು ಬೇರೆ ಜನ ಇಲ್ಲದ ಸರ್ಕಾರ ಶಾಲೆಯಿಂದ ಜನ ಎತ್ತಿಕೊಂಡಿತು, ಅಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ ಓದುವವರಿಗೆ ಗೊಂದಲ ಮಾಡುತ್ತದೆ. ಘೋಷಣೆ ಬೇರೆ, ಅನುದಾನ ಬೇರೆ, ಬಿಡುಗಡೆ ಬೇರೆ, ಖರ್ಚು ಬೇರೆ. ನಾಲ್ಕೂ ಬೇರೆ ಬೇರೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ, ಭದ್ರಾ ಮೇಲ್ದಂಡೆ ಅಂದರೆ ಸಾಕು. 2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಈ ಯೋಜನೆಗೆ 5,300 ಕೋಟಿ ಅಂದರು. ಚಿತ್ರದುರ್ಗದಲ್ಲಿ ಪಟಾಕಿ ಹೊಡೆದರು, ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರಿನ ರೈತರು ಈಗ ನೀರು ಬಂತು ಅಂದುಕೊಂಡರು. ಆ ದುಡ್ಡು ಬಂದಿಲ್ಲ ಅಂತ ರಾಜ್ಯ ಸರ್ಕಾರ ಅದಾದ ಮೇಲಿನ ವರ್ಷಗಳಲ್ಲಿ ಹೇಳುತ್ತಲೇ ಬಂದಿದೆ. ಬಜೆಟ್ ಪುಸ್ತಕದ ಅಂಕಿ ಅಂದರೆ ಮದುವೆ ಮಾತುಕತೆ ಇದ್ದ ಹಾಗೆ. ತಾಳಿ ಬೇರೆ.

ಸಣ್ಣ ಪ್ರಮಾಣದಲ್ಲಿ ಇದೇ ಆಟ ಪ್ರತಿ ಕಚೇರಿಯಲ್ಲೂ ನಡೆಯುತ್ತದೆ. ಏಪ್ರಿಲ್‌ನಲ್ಲಿ ವರ್ಷ ಶುರು, ಹಣ ಕಂತು ಕಂತಾಗಿ ಬರುತ್ತದೆ. ವರ್ಷದ ಕೊನೆಗೆ ಆದಾಯ ಕಡಿಮೆ ಕಂಡರೆ ಕೊನೆಯ ಕಂತು ನಿಧಾನ ಆಗುತ್ತದೆ. ಒಂದು ವರ್ಷ ನಮ್ಮ ಕಚೇರಿಗೆ ಕಟ್ಟಡ ದುರಸ್ತಿ ಹಣ ಬಂದದ್ದು ಮಾರ್ಚ್ 27ಕ್ಕೆ. ನಾಲ್ಕು ದಿನದಲ್ಲಿ ಖರ್ಚು ಮಾಡಿ ಖಜಾನೆಗೆ ಬಿಲ್ಲು ಹಾಕಬೇಕು, ಇಲ್ಲದಿದ್ದರೆ ಲ್ಯಾಪ್ಸ್. ಸೋರುತ್ತಿದ್ದ ಚಾವಣಿ ನಾಲ್ಕು ದಿನದಲ್ಲಿ ರಿಪೇರಿ ಆಗುವುದಿಲ್ಲ. ಬಣ್ಣ ಆಗುತ್ತದೆ. ಬಣ್ಣ ಹೊಡೆಸಿದೆವು. ಜೂನ್‌ನಲ್ಲಿ ಹೊಸ ಬಣ್ಣದ ಗೋಡೆ ಮೇಲೆ ನೀರು ಇಳಿಯಿತು. ಹೊರಗಿನವರು ‘ದುಡ್ಡು ಹೊಡೆದರು’ ಅಂದರು. ನಾವು ಹೊಡೆಯಲಿಲ್ಲ, ದುಡ್ಡು ಬಂದ ದಿನಾಂಕ ಹೊಡೆಯಿತು.

ತಡ ಅನ್ನುವುದೂ ಒಂದು ರೀತಿಯ ಕಡಿತ, ಅದು ಕೂಲಿಯವರಿಗೆ ಗೊತ್ತು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೂಲಿ 15 ದಿನದೊಳಗೆ ಬರಬೇಕು, ತಡವಾದರೆ ದಿನಕ್ಕೆ 0.05% ಪರಿಹಾರ ಅಂತ ಇತ್ತು. 2025-26ರಲ್ಲಿ ನಮ್ಮ ಕೂಲಿ 370. ಆರು ದಿನದ ಕೂಲಿ 2,220. ಅದಕ್ಕೆ ದಿನಕ್ಕೆ 0.05% ಅಂದರೆ 1 ರೂಪಾಯಿ 11 ಪೈಸೆ. ಒಂದು ತಿಂಗಳು ತಡವಾದರೆ 33 ರೂಪಾಯಿ. ಆ ತಿಂಗಳು ಮನೆ ನಡೆಸಲು ತಂದ ಕೈಸಾಲದ ಬಡ್ಡಿ ಎಷ್ಟು ಅಂತ ಮೊಳಕಾಲ್ಮೂರಿನ ಯಾವ ಹೆಂಗಸನ್ನು ಬೇಕಾದರೂ ಕೇಳಿ. ಇದರಲ್ಲಿ ಇನ್ನೊಂದು ಗಂಟಿತ್ತು. ಈ ಯೋಜನೆಯ ಗುತ್ತಿಗೆ ಸಿಬ್ಬಂದಿಯ ಸಂಬಳ ಹೋಗುತ್ತಿದ್ದದ್ದು ಆಡಳಿತ ವೆಚ್ಚದಿಂದ, ಅದು ಒಟ್ಟು ಖರ್ಚಿನ 6% ದಾಟುವ ಹಾಗಿರಲಿಲ್ಲ. ಯೋಜನೆಗೆ ಹಣ ಕಡಿಮೆ ಹರಿದರೆ ಆ 6% ಕೂಡ ಕಡಿಮೆ. 2025ರಲ್ಲಿ ತಿಂಗಳುಗಟ್ಟಲೆ ಸಂಬಳ ಇಲ್ಲದೆ ಈ ಸಿಬ್ಬಂದಿಯೇ ಧರಣಿ ಕೂತರು. ಕೂಲಿ ಬರಲಿಲ್ಲ ಅಂತ ಜನ ಯಾರ ಹತ್ತಿರ ಹೋಗಿ ಕೇಳಬೇಕೋ, ಅವರಿಗೇ ಸಂಬಳ ಬಂದಿರಲಿಲ್ಲ.

ಬಸ್ಸಿನ ವಿಷಯ ಚಿಕ್ಕದಾಗಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ. ನನ್ನ ಹೆಂಡತಿ ಹರಿಹರಕ್ಕೆ, ಉಚ್ಚಂಗಿದುರ್ಗಕ್ಕೆ ಹೋಗಿ ಬರುತ್ತಾಳೆ, ಖುಷಿಯಾಗಿದ್ದಾಳೆ, ನಾನು ಟಿಕೆಟ್ ಕೊಟ್ಟು ಪಕ್ಕದಲ್ಲಿ ಕೂರುತ್ತೇನೆ. ಶೂನ್ಯ ಟಿಕೆಟ್ಟಿನ ದುಡ್ಡನ್ನು ಸರ್ಕಾರ ನಿಗಮಗಳಿಗೆ ಕೊಡಬೇಕು. ಅದು ಪೂರ್ತಿ ಮತ್ತು ಸಮಯಕ್ಕೆ ಬರದಿದ್ದರೆ ನಿಗಮ ಏನು ಮಾಡುತ್ತದೆ? ಡೀಸೆಲ್ ನಿಲ್ಲಿಸಿದರೆ ಸಂಜೆಯೇ ಗೊತ್ತಾಗುತ್ತದೆ. ನೌಕರರ ಪಿಎಫ್ ಕಟ್ಟದಿದ್ದರೆ ತಕ್ಷಣ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ಪಿಎಫ್ ಬಾಕಿ ಮತ್ತು ಇಂಧನ ಬಾಕಿ ತೀರಿಸಲು ನಾಲ್ಕೂ ನಿಗಮಗಳು ಸೇರಿ 2,000 ಕೋಟಿ ಸಾಲ ತೆಗೆಯಲು ಸರ್ಕಾರವೇ ಒಪ್ಪಿಗೆ ಕೊಟ್ಟಿತು, 2025ರ ಜನವರಿ 5ರಿಂದ ದರವೂ 15% ಏರಿತು. ಅದೇ ವರ್ಷ ಆಗಸ್ಟ್ 5ರಂದು 38 ತಿಂಗಳ ವೇತನ ಹಿಂಬಾಕಿ ಕೇಳಿ ನೌಕರರು ಮುಷ್ಕರ ಮಾಡಿದರು. ಹೊಸ ಪ್ರಯಾಣಿಕರು ಬಂದರು, ಅಷ್ಟೇ ಪ್ರಮಾಣದಲ್ಲಿ ಹೊಸ ಬಸ್ಸು, ಹೊಸ ಕಂಡಕ್ಟರ್ ಬರಲಿಲ್ಲ. ಸಂಜೆ ಐದೂವರೆಗೆ ನಮ್ಮ ಹಳೇ ಬಸ್ ನಿಲ್ದಾಣದ ಕಡೆ ನಿಂತು ನೋಡಿದರೆ ಅರ್ಥವಾಗುತ್ತದೆ.

ಇದನ್ನು ಓದಿ ‘ನೋಡಿದ್ರಾ, ಎಲ್ಲಾ ಗ್ಯಾರಂಟಿಯಿಂದ’ ಅಂತ ಯಾರಾದರೂ ಹೇಳುವ ಮೊದಲು ತಡೆಯಿರಿ. ಖಾಲಿ ಹುದ್ದೆಗಳು ಗ್ಯಾರಂಟಿಗಿಂತ ಬಹಳ ಹಳೆಯವು. ನಾನು ಸೇರಿದಾಗಲೂ ಪ್ರಭಾರ ಇತ್ತು, ನಾನು ಬಿಟ್ಟಾಗಲೂ ಇತ್ತು, ಮಧ್ಯೆ ಎಲ್ಲಾ ಪಕ್ಷಗಳೂ ಬಂದು ಹೋದವು. 2020ರಲ್ಲಿ ಕೋವಿಡ್ ಬಂದಾಗ ನಮ್ಮ ತುಟ್ಟಿಭತ್ಯೆಯನ್ನು ಒಂದೂವರೆ ವರ್ಷ ತಡೆದರು, ಆಗ ಯಾವ ಗ್ಯಾರಂಟಿ ಇತ್ತು? ನಾದಿನಿಯ ಖಾತೆಗೆ ಬರುವ ಗೃಹಲಕ್ಷ್ಮಿಯ 2,000 ಅವಳಿಗೆ ಬೇಕೇ ಬೇಕು. ನನ್ನ ತಕರಾರು ಕೊಡುವುದರ ಬಗ್ಗೆ ಅಲ್ಲ. ಬಡವರಿಗೆ ಕೊಡುವ ದುಡ್ಡಿನ ಲೆಕ್ಕ ಗೋಡೆ ಗೋಡೆಯ ಮೇಲೆ ಬರೆಯುತ್ತಾರೆ. ಅದೇ ಬಡವರು ಹೋಗುವ ಆಸ್ಪತ್ರೆ, ಶಾಲೆ, ಕಚೇರಿಯಲ್ಲಿ ಎಷ್ಟು ಕುರ್ಚಿ ಖಾಲಿ ಅಂತ ಯಾವ ಗೋಡೆಯ ಮೇಲೂ ಬರೆಯುವುದಿಲ್ಲ.

ಹಾಗಾದರೆ ಗೊತ್ತಾಗುವುದು ಹೇಗೆ ಅಂತ ಹುಡುಗ ಕೇಳಿದ. ಕೇಳಬೇಕು ಅಂದೆ. 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ನಮ್ಮ ಜನ ಎಲ್ಲಾ ಸಿಟ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ವಾಪಸ್ ತರಿಸಿಕೊಳ್ಳುವುದು ಇದಕ್ಕೇ. ಮೂರೇ ಸಾಲು ಸಾಕು: ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಪ್ರಭಾರದಲ್ಲಿ ಎಷ್ಟು. ಇನ್ನೊಂದು ಅರ್ಜಿಯಲ್ಲಿ ಲೆಕ್ಕಶೀರ್ಷಿಕೆವಾರು ಅನುದಾನ ಎಷ್ಟು, ಬಿಡುಗಡೆ ಎಷ್ಟು, ಯಾವ ದಿನಾಂಕದಂದು. ದಿನಾಂಕ ಕೇಳುವುದನ್ನು ಮರೆಯಬೇಡಿ, ಅರ್ಧ ಕಥೆ ಅದರಲ್ಲೇ ಇರುತ್ತದೆ.

ಸುಮ್ನೆ ಬಾಯಲ್ಲಿ ಹೇಳಿದರೆ ಆಗಲ್ಲ ಅಂತ ಹುಡುಗನ ಕೈಯಲ್ಲೇ ಒಂದು ಕಚೇರಿಗೆ ಅರ್ಜಿ ಹಾಕಿಸಿದೆ. ಯಾವ ಕಚೇರಿ ಅಂತ ಬೇಡ. ಕಾಯ್ದೆಯ ಗಡುವು 30 ದಿನ, 29ನೇ ದಿನ ಉತ್ತರ ಬಂತು. ಒಂದು ಪುಟ, ಚೆನ್ನಾಗಿ ಟೈಪ್ ಮಾಡಿದ್ದರು. ಮಂಜೂರು 14, ಭರ್ತಿ 8, ಹೊರಗುತ್ತಿಗೆ 2, ಖಾಲಿ 4. ಹುಡುಗ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ‘ಪ್ರಭಾರದ್ದು ಮಾತ್ರ ಕೊಟ್ಟಿಲ್ಲವಲ್ಲ ದೊಡ್ಡಪ್ಪಾ’ ಅಂದ. ಕೆಳಗೆ ಸಹಿ ನೋಡು ಅಂದೆ. ಸಾರ್ವಜನಿಕ ಮಾಹಿತಿ ಅಧಿಕಾರಿ ಅನ್ನೋ ಸೀಲಿನ ಪಕ್ಕ, ಪೆನ್ನಿನಲ್ಲಿ, ‘ಪ್ರಭಾರ’ ಅಂತ ಬರೆದಿತ್ತು.